ಮೊಣಕೈ ಎತ್ತರದ ಹಿಡಿ

ಹೊಲಿಗೆ ಕೋಣೆಯಿಂದ,
ತಾರೀಕು ಹನ್ನೊಂದು, ಶನಿವಾರ

ಈ ಕಾಗದವನ್ನು ಮೊದಲು ಒಡೆದು ಓದುತ್ತಿರುವ ನನ್ನ ಮೊಮ್ಮಗಳ ಕೋಣೆಯ ಗೆಳತಿಗೆ: ನಿನಗೂ ಒಬ್ಬಳು ಅಜ್ಜಿ ಇರಬೇಕಲ್ಲ, ಅವಳ ಕಾಗದ ಓದಿಕೋ ತಾಯಿ. ಇದನ್ನು ಮಡಿಸಿ ಅವಳ ಕೈಗೆ ಕೊಡು.

ಪ್ರೀತಿಯ ಚೂಟಿ,

ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಪುಸ್ತಕವನ್ನೇ ನುಂಗುತ್ತಿದ್ದೀಯೋ? ನನ್ನ ಮಂಡಿ ಕೆಟ್ಟಿದೆ, ಬಾಯಿ ಚೆನ್ನಾಗಿದೆ. ಅಮ್ಮನ ಭುಜ ವಾಸಿಯಾಗದಿದ್ದರೆ ಸರ್ವೆ ಓದು ಬಿಟ್ಟು ಬಂದು ಕೌದಿ ಹೊಲಿಯುತ್ತೇನೆ ಎಂದು ಬರೆದಿದ್ದೆಯಲ್ಲ, ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳುವಾಗ ಆ ಸಾಲನ್ನು ಮಾತ್ರ ನುಂಗಿಕೊಂಡೆ. ಇವತ್ತಿಗೂ ಗಂಟಲಲ್ಲೇ ಇದೆ.

ಕಳೆದ ತಿಂಗಳು ದೊಡ್ಡ ಕೌದಿ ಮಷೀನು ನೋಡಲು ನಾನೂ ನಿನ್ನ ಅಮ್ಮನೂ ಅಂಗಡಿಗೆ ಹೋದೆವು. ಎಂಥ ಮಷೀನು ಬೇಕೆಂದು ನೀನು ಕೆಂಪು ಗೆರೆ ಎಳೆದು ಕಳಿಸಿದ ಪಟ್ಟಿ ನನ್ನ ಚೀಲದಲ್ಲಿತ್ತು. ಮುನ್ನೂರು ಡಿಸೈನು, ಟಿವಿಯಂಥ ಪರದೆ, ಗುಂಡಿ ಒತ್ತಿದರೆ ತಾನೇ ಹೂಬಳ್ಳಿ ಹೊಲಿಯುವ ಮಷೀನು. ಅಂಗಡಿಯವನು ಹೊಸ ತೆಳು ಬಟ್ಟೆಯ ಮೇಲೆ ಹೊಲಿದು ತೋರಿಸಿದ. ನಾನು ಚೀಲದಿಂದ ನಿನ್ನ ಅಪ್ಪನ ಹಳೆ ಪ್ಯಾಂಟಿನ ತುಂಡು ತೆಗೆದು, ಇದರ ಮೇಲೆ ಹೊಲಿ ಅಂದೆ. ನಮ್ಮ ಹತ್ತಿರ ಕೌದಿಗೆ ಬರುವುದೆಲ್ಲ ಅಂಥದೇ ತಾನೆ, ಒಂದು ಕಡೆ ತೇಪೆ, ಇನ್ನೊಂದು ಕಡೆ ಗಂಟು. ಮಷೀನು ಕಣ್ಣು ಮುಚ್ಚಿಕೊಂಡು ದಪ್ಪ ಹೊಲಿಗೆಯ ಮೇಲೆ ಹತ್ತಿತು. ಟಕ್ ಅಂತ ಸೂಜಿ ಮುರಿಯಿತು. ನಿನ್ನ ಮುನ್ನೂರು ಡಿಸೈನು ಅಲ್ಲಿಗೇ ಮುಗಿಯಿತು.

ಆಮೇಲೆ ಕೈಯಿಂದ ನಡೆಸುವುದನ್ನು ತೋರಿಸಿದ. ಅಮ್ಮ ರೂಢಿಯಂತೆ ಬಟ್ಟೆಯನ್ನು ಎಳೆಯಲು ಹೋದಳು. "ಅಮ್ಮಾ, ಬಟ್ಟೆ ಚೌಕಟ್ಟಿನಲ್ಲೇ ಇರುತ್ತೆ, ಮಷೀನೇ ಓಡಾಡೋದು" ಅಂದ. ಹನ್ನೊಂದು ವರ್ಷ ಸಣ್ಣ ಮಷೀನಿನಡಿ ಹೆಣಭಾರದ ಕೌದಿ ಎಳೆದವಳು ಮರದ ಹಾಗೆ ನಿಂತುಬಿಟ್ಟಳು. ಆದರೆ ಅದರ ಹಿಡಿ ಹಿಡಿದರೆ ಅವಳ ಭುಜ ಕಿವಿಗೆ ತಾಗುತ್ತಿತ್ತು. ಹಿಡಿ ಇಳಿಸಪ್ಪಾ ಅಂದರೆ, "ಇದರಲ್ಲಿ ಇಳಿಯಲ್ಲ ಅಜ್ಜಿ, ರೂಢಿಯಾಗುತ್ತೆ" ಅಂತಾನೆ. "ನಿನ್ನ ಎತ್ತರಕ್ಕೆ ರೂಢಿಯಾಗೋಕೆ ಅವಳೇನು ಕುಂಬಳ ಬಳ್ಳೀನಾ?" ಅಂದೆ.

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಇನ್ನೊಂದಕ್ಕೆ ಹಿಡಿ ಇಳಿಸುವ ತಿರುಪಿತ್ತು. ಅವಳ ಮೊಣಕೈ ಮಟ್ಟಕ್ಕೆ ನಾನೇ ನಿಂತು ಇಳಿಸಿಕೊಂಡೆ. ಕೈ ಓಡಿದರೆ ಸೂಜಿ ಓಡುತ್ತದೆ, ಕೈ ನಿಧಾನಿಸಿದರೆ ಸೂಜಿಯೂ ನಿಧಾನಿಸುತ್ತದೆ, ಹೊಲಿಗೆಯ ಟಾಕು ಮಾತ್ರ ಎಲ್ಲೂ ಉದ್ದಗಿಡ್ಡ ಇಲ್ಲ. ಅದೇ ಸಾಕು ಅಂದೆವು. ಊರೆಲ್ಲ ಅಳೆಯಲು ಕಲಿಯುತ್ತಿರುವವಳು ನೀನು, ಪಟ್ಟಿಯಲ್ಲಿ ಅಮ್ಮನ ಮೊಣಕೈ ಎತ್ತರ ಬರೆಯಲಿಲ್ಲವಲ್ಲೇ.

ಮಷೀನು ಮನೆಗೆ ಬಂದು ಹದಿನೈದು ದಿನವಾಯಿತು. ಮಂಚ ಹೊರಗೆ ಹೋಗಿ ಚೌಕಟ್ಟು ಒಳಗೆ ಬಂದಿದೆ, ನಿನ್ನ ಅಪ್ಪ ಪಡಸಾಲೆಯಲ್ಲಿ ಮಲಗಿ ಗೊಣಗುತ್ತಾನೆ. ಗೊಣಗಲಿ. ನೀನು ನೂರು ಕಾಲ ಚೆನ್ನಾಗಿರು.

ಇಂತಿ,
ನಿನ್ನ ಅಜ್ಜಿ

ಮರೆತಿದ್ದೆ: ಆರು ತಿಂಗಳಿಂದ ನಿನ್ನ ಅಮ್ಮನ ತಲೆ ಬಾಚುತ್ತಿದ್ದವಳು ನಾನು. ಅವಳ ಕೈ ಮೇಲೇಳುತ್ತಿರಲಿಲ್ಲ, ನಿನಗೆ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಬಾಚಣಿಗೆ ಹಿಡಿದು ಹೋದರೆ, ಎರಡೂ ಕೈ ಎತ್ತಿ ತುರುಬು ಕಟ್ಟಿಕೊಳ್ಳುತ್ತಾ ನಿಂತಿದ್ದಾಳೆ. ತುರುಬು ಸೊಟ್ಟಗಿತ್ತು. ನಾನು ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದೆ. ಓದು ಬಿಡುವ ಮಾತನ್ನು ಅಲ್ಲೇ ಹರಿದು ಬಿಸಾಡು, ಬಿಸಾಡಿದೆ ಎಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆ.