ಹನ್ನೆರಡನೆಯ ಕಿಂಡಿ

ಗೋಡೆಯ ಆಚೆಗಿರುವ ದೊಡ್ಡಪ್ಪನಿಗೆ,

ಕಾಗದ ಕೈಗೆ ಸಿಕ್ಕ ಕೂಡಲೇ ಸುತ್ತಿಗೆಯಿಂದ ಎರಡು ಪೆಟ್ಟು ಹೊಡೆ, ಆಮೇಲೆ ಓದು. ನಲವತ್ತು ವರ್ಷ ಕಲ್ಲು ಕುಟ್ಟಿ ಮಂದವಾದ ನಿನ್ನ ಕಿವಿಗೆ ನನ್ನ ಕೂಗು ಮುಟ್ಟುತ್ತಿಲ್ಲ. ಅದಕ್ಕೇ ಇದನ್ನು ಕೊಳವೆಯ ತುದಿಗೆ ಕಟ್ಟಿ ಕಿಂಡಿಯೊಳಗೆ ತೂರಿಸುತ್ತೇನೆ. ನಿನ್ನ ಹಣೆಯ ದೀಪ ಇನ್ನೂ ಉರಿಯುತ್ತಿರಲಿ, ದೇವರೇ. ಮಧ್ಯಾಹ್ನ ಕಳಿಸಿದ ಚೀಟಿಗೆ ಎರಡು ಪೆಟ್ಟು ಕೇಳಿಸಿತ್ತು. ಆಮೇಲೆ ಏನೂ ಇಲ್ಲ.

ನಾಲ್ಕು ದಿನದ ಮಳೆಗೆ ಬುರುಜಿನ ಗೋಡೆ ಉಬ್ಬಿತ್ತು. ಇವತ್ತು ಬೆಳಿಗ್ಗೆ ನೀನು ಆಸರೆ ಕೊಡಲೆಂದು ಹಳೆಯ ಸಿಡಿಮದ್ದಿನ ಮನೆಯೊಳಗೆ ಹೋದೆ. ನಿನ್ನ ಹಿಂದೆಯೇ ಬಾಗಿಲ ಮೇಲಿನ ಕಲ್ಲು ಮಣ್ಣು ಎಲ್ಲ ಕುಸಿಯಿತು. ಆ ಕಡೆ ಯಂತ್ರ ತಂದರೆ ಚಾವಣಿಯೂ ಬೀಳುತ್ತದಂತೆ. ಇವತ್ತು ಅಮಾವಾಸ್ಯೆಯ ಉಬ್ಬರ. ಸಂಜೆ ಆರಕ್ಕೆ ಸಮುದ್ರ ಈ ಕಿಂಡಿಯನ್ನು ಮುಚ್ಚುತ್ತದೆ. ನಿನಗೆ ಗಾಳಿ ಬರುವುದು ಇದೊಂದರಿಂದಲೇ. ಈಗ ನಾಲ್ಕೂವರೆ.

ಗೋಡೆ ಬಿತ್ತು ಎಂದು ಎಲ್ಲರೂ ಹೇಳುತ್ತಿದ್ದಾರೆ. ಬೀಳಿಸಿದವಳು ನಾನು, ದೊಡ್ಡಪ್ಪ.

ಮೂರು ಕಡೆ ಸಮುದ್ರವಿರುವ ಈ ಬಂಡೆಯ ಚರಿತ್ರೆಯನ್ನು ನನಗೆ ಮೊದಲು ಕಲಿಸಿದವನು ನೀನು. ಹೆಗಲ ಮೇಲೆ ಕೂರಿಸಿಕೊಂಡು ಕೋಟೆ ಸುತ್ತಿಸುತ್ತಿದ್ದೆ. ಮೊದಲು ಬಂದವರು ಗಾರೆಯಿಲ್ಲದೆ ಕಲ್ಲು ಜೋಡಿಸಿದರು. ಅವರನ್ನು ಓಡಿಸಿದ ರಾಜ ಸುಣ್ಣ ಅರೆಸಿ ಬುರುಜು ಕಟ್ಟಿದ. ಅವನನ್ನು ಓಡಿಸಿದ ಹಡಗಿನವರು ಬುರುಜಿನ ಹೊಟ್ಟೆ ಕೊರೆದು ಮದ್ದಿನ ಮನೆ ಮಾಡಿದರು. ಕಡೆಯ ಸೈನ್ಯ ಎಲ್ಲದರ ಮೇಲೆ ಕಾಂಕ್ರೀಟು ಸುರಿಯಿತು. "ಎಲ್ರೂ ಹೆದರ್‍ಕೊಂಡೇ ಕಟ್ಟಿದ್ದು ಮಗಾ. ಬಂದೋನು ಮಾಡೋ ಮೊದಲ್ನೇ ಕೆಲ್ಸ ಹಿಂದಿನೋನ ಬಾಗ್ಲು ಮುಚ್ಚೋದು" ಎನ್ನುತ್ತಿದ್ದೆ. ನಾನು ಓದಿ, ಈ ಕೋಟೆಯ ಕಚೇರಿಗೇ ಅಧಿಕಾರಿಯಾಗಿ ಬಂದು, ನಿನಗೇ ಪಾಠ ಹೇಳಲು ಹೊರಟೆ. ಅಂದಿನಿಂದ ನೀನು ನನ್ನನ್ನು ಪಂಡಿತೆ ಎಂದು ಕರೆಯತೊಡಗಿದೆ.

ಗೋಡೆಯ ಬುಡದಲ್ಲಿ ಹನ್ನೆರಡು ಕಿಂಡಿಗಳಿದ್ದವು. ಕಡೆಯ ಸೈನ್ಯ ಗುಂಡು ಹಾರಿಸಲು ಕೊರೆದದ್ದು, ಮುಚ್ಚಿದರೆ ಹಳೆಯ ರೂಪ ಬರುತ್ತದೆ ಎಂದು ನಾನು ವರದಿ ಬರೆದೆ. ನೀನು ನಕ್ಕುಬಿಟ್ಟೆ. "ಪಾದದ ಮಟ್ಟದಲ್ಲಿ ಕೋವಿ ಕಿಂಡಿನಾ? ಸಿಪಾಯಿ ಮಲಕ್ಕೊಂಡು ಹೊಡೀತಿದ್ನೇನೇ? ಇಳಿಜಾರು ನೋಡು, ಇದು ಮಳೆನೀರು ಹೊರಗೆ ಹೋಗೋ ದಾರಿ. ಮುಚ್ಚಿದ್ರೆ ಗೋಡೆಗೆ ಹೊಟ್ಟೆ ಬರುತ್ತೆ." ಕೂಲಿಯಾಳುಗಳ ಮುಂದೆ ನನಗೆ ಅವಮಾನವಾಯಿತು. "ದಾಖಲೆ ಓದಿದೋಳು ನಾನಾ, ನೀನಾ?" ಎಂದೆ. ನೀನು ಗಾರೆ ಕಲಸಿದೆ. ಆ ಮಾತಾಡಿದ ನನ್ನ ಬಾಯಿಗೆ ಮಣ್ಣು ಹಾಕ.

ನೀನು ಹನ್ನೊಂದನ್ನು ಮುಚ್ಚಿದೆ. ಹನ್ನೆರಡನೆಯದಕ್ಕೆ ಮಾತ್ರ ಗಾರೆ ಹಾಕದೆ ಬರೀ ಒಂದು ಕಲ್ಲು ಒರಗಿಸಿ ನನ್ನ ಕಣ್ಣಿಗೆ ಮಣ್ಣೆರಚಿದ್ದೆ. ಇವತ್ತು ಬೆಳಿಗ್ಗೆ ಆ ಕಲ್ಲು ನನ್ನ ಕೈ ತಾಗಿ ಅಲುಗಿದಾಗ ಅಲ್ಲೇ ಕೂತು ಗೊಳೋ ಎಂದು ಅತ್ತೆ. ನನ್ನ ಮಾತನ್ನು ಪೂರ್ತಿ ಕೇಳಿದ್ದರೆ ಇಷ್ಟು ಹೊತ್ತಿಗೆ ನೀನು ಉಳಿಯುತ್ತಿರಲಿಲ್ಲ.

ಈಗ ಕೇಳು. ನೀನಿರುವ ಕೋಣೆಯಿಂದ ಸಮುದ್ರದ ಮೆಟ್ಟಿಲಿಗೆ ಒಂದು ಬಾಗಿಲಿತ್ತು. ಹಡಗಿನವರು ಅದನ್ನು ಅವಸರದಲ್ಲಿ ಗಾರೆಯಿಲ್ಲದೆ ಮುಚ್ಚಿದ್ದರು. ಎಲ್ಲಿ ಎಂಬುದಕ್ಕೆ "ಎಡಗಡೆಯ ಬಾಗಿಲು ಮುಚ್ಚಿದೆವು" ಎಂದಷ್ಟೇ ಅವರ ಕಾಗದದಲ್ಲಿದೆ. ಕೋಟೆಯೊಳಗೆ ನಿಂತು ಸಮುದ್ರ ನೋಡಿದರೆ ಎಡಗಡೆ ಎಂದರೆ ದೀಪಸ್ತಂಭದ ಕಡೆ. ಹಾಗಾಗಿ ಮಧ್ಯಾಹ್ನದಿಂದ ಎಲ್ಲರನ್ನೂ ಅಲ್ಲೇ ಅಗೆಯಲು ಹಚ್ಚಿದ್ದೇನೆ. ಇನ್ನೂ ಬರೀ ಗಟ್ಟಿ ಬಂಡೆ. ನಿನಗೆ ಶಕ್ತಿಯಿದ್ದರೆ ನೀನೂ ಒಳಗಿನಿಂದ ಆ ಕಡೆಗೇ

ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿದೆ. ಸದ್ದು ಕೇಳಿಸಿತು. ಗೋಡೆಗೆ ಕಿವಿಯಿಟ್ಟೆ. ನಿನ್ನ ಸುತ್ತಿಗೆಯೇ, ನಿಧಾನವಾಗಿ, ಮತ್ತೆ ಮತ್ತೆ. ಆದರೆ ದೀಪಸ್ತಂಭದ ಕಡೆಯಿಂದಲ್ಲ. ಎದುರು ದಿಕ್ಕಿನಿಂದ, ದೋಣಿಕಟ್ಟೆಯ ಕಡೆಯಿಂದ. "ಕಿವಿ ಹೋದ್ರೇನು, ಅಂಗೈ ಇದೆಯಲ್ಲ" ಎಂದು ಕಲ್ಲಿಗೆ ಕೈಯಿಟ್ಟು ಪೊಳ್ಳು ಹುಡುಕುತ್ತಿದ್ದೆಯಲ್ಲ, ಹಾಗೇ ಹುಡುಕಿಕೊಂಡೆಯಾ? ಆಗ ಹೊಳೆಯಿತು ನನ್ನ ಮಂಕು ತಲೆಗೆ. ಅವರು ಬಂದದ್ದು ಹಡಗಿನಲ್ಲಿ. ಕೋಟೆಯನ್ನು ನೋಡಿದ್ದು ಸಮುದ್ರದಿಂದ. ಅವರ ಎಡ ಅಂದರೆ ದೋಣಿಕಟ್ಟೆಯ ಕಡೆ.

ಎಲ್ಲರನ್ನೂ ಆ ಕಡೆಗೆ ಓಡಿಸಿದೆ. ಮೇಲಧಿಕಾರಿ ಅಡ್ಡ ಬಂದು, "ದಾಖಲೆ ಏನ್ ಹೇಳುತ್ತೆ?" ಎಂದರು. "ದಾಖಲೆಗೆ ಬೆಂಕಿ ಬೀಳ್ಲಿ. ದೊಡ್ಡಪ್ಪನ ಸುತ್ತಿಗೆ ಹೇಳ್ತಿದೆ, ಕೇಳಿ" ಎಂದೆ. ಈಗ ಐದೂಕಾಲು. ಅಲೆ ನನ್ನ ಪಾದ ಮುಟ್ಟಿದೆ. ಇದನ್ನು ತೂರಿಸಿ ನಾನೂ ಹಾರೆ ಹಿಡಿಯುತ್ತೇನೆ. ಬಡಿಯುವುದನ್ನು ನಿಲ್ಲಿಸಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ನೀನು ಬಡಿದಲ್ಲೇ ನಾವು ಅಗೆಯುತ್ತೇವೆ.

ಹಿರಿಯರನ್ನು ಹರಸುವುದು ಕಿರಿಯರ ಕೆಲಸವಲ್ಲ. ಆದರೂ ಹರಸುತ್ತಿದ್ದೇನೆ, ಬೈಯಬೇಡ. ನೂರು ವರ್ಷದ ಮಾತು ಆಮೇಲೆ. ಇವತ್ತು ಆರು ಗಂಟೆ ದಾಟು.

ಇನ್ನು ಮೇಲೆ ನಿನ್ನ ಮಾತು ಮೀರದ,
ನಿನ್ನ ಪಂಡಿತೆ