ಏರುವ ಲಿಫ್ಟಿನಲ್ಲಿ ನೆವೆನಾಳ ತೂಕ

ರುಸೆ
ಸೆಪ್ಟೆಂಬರ್ ೨೩, ಭಾನುವಾರ

ಪ್ರೀತಿಯ ಮಗಳೇ ರೊಸಿತ್ಸಾ,

ಹೇಗಿದ್ದೀಯಮ್ಮಾ? ನೀನು ಕೆಲಸಕ್ಕಿರುವ ಮನೆಯ ಮುದುಕಿಯನ್ನು ಎತ್ತಿ ಕೂರಿಸಿ ಕೂರಿಸಿ ಸೊಂಟ ಹಿಡಿದುಕೊಂಡಿದೆ ಎಂದಿದ್ದೆಯಲ್ಲ, ವಾಸಿಯಾಯಿತೇ? ಸ್ಪೇನಿನಲ್ಲಿ ಬಿಸಿಲು ಚೆನ್ನಾಗಿದೆಯಂತೆ, ಅದರಲ್ಲಿ ಕೂರಲು ನಿನಗೆ ಬಿಡುವೆಲ್ಲಿ! ನಾನೂ ನಿನ್ನ ಪುಟ್ಟ ಮಗಳು ನೆವೆನಾಳೂ ಚೆನ್ನಾಗಿದ್ದೇವೆ ಎಂದು ಬರೆಯಹೊರಟವನು ಪೆನ್ನು ಕೆಳಗಿಟ್ಟೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಇಲ್ಲೀಗ ದೊಣ್ಣೆಮೆಣಸಿನಕಾಯಿ ಸುಟ್ಟು ಚಳಿಗಾಲಕ್ಕೆ ಬಾಟಲಿ ತುಂಬುವ ಕಾಲ. ಮೂಟೆಗಳನ್ನು ಮೇಲಿನ ಮನೆಗಳಿಗೆ ತರುವಾಗಲೇ ತೂಗಿಬಿಡಲೆಂದು ನಮ್ಮ ಕಟ್ಟಡದವರು ಎಂದಿನಂತೆ ತೂಕದ ಯಂತ್ರವನ್ನು ಲಿಫ್ಟಿನಲ್ಲೇ ಇಟ್ಟಿದ್ದಾರೆ. ಪಕ್ಕದ ಮನೆಯ ಪೆಂಕಾ ದಿನಾ ರಂಪ ಮಾಡುತ್ತಾಳೆ: "ಹೊರಡೋವಾಗ ಒಂದು ತೂಕ, ನಿಲ್ಲೋವಾಗ ಇನ್ನೊಂದು! ಮಧ್ಯ ಯಾವ ದೆವ್ವ ತಿನ್ನುತ್ರೀ?" ನಾನು ನಗುತ್ತಿದ್ದೆ.

"ಅಪ್ಪಾ, ಅಕ್ಟೋಬರಿನ ದಿಮಿತಾರನ ಹಬ್ಬದೊಳಗೆ ನೆವೆನಾ ಹದಿನೈದು ಕಿಲೋ ಆಗ್ದಿದ್ರೆ ಅವಳನ್ನ ಇಲ್ಲಿಗೇ ಕರ್ಕೊಂಡ್ಬರ್ತೀನಿ, ನಿನ್ ಕೈಲಾಗಲ್ಲ" ಎಂದಿದ್ದೆಯಲ್ಲ, ಆ ಮಾತು ಎದೆಗೆ ನಾಟಿತ್ತು. ಚೀಸು ತುಂಬಿದ ಬಾನಿತ್ಸಾ ಮಾಡಿಕೊಟ್ಟರೂ ಅಂಚು ಕಚ್ಚಿ ಅಲ್ಲೇ ಬಿಡುತ್ತಾಳೆ ನಿನ್ನ ಮಗಳು. ಒಂದು ಭಾನುವಾರ ಅವಳನ್ನು ಆ ಯಂತ್ರದ ಮೇಲೆ ನಿಲ್ಲಿಸಿ ಗುಂಡಿ ಒತ್ತಿದೆ. ಲಿಫ್ಟು ಜಗ್ಗಿ ಮೇಲೆದ್ದಿತು, ಮುಳ್ಳು ಹದಿನೈದಕ್ಕೆ ಹಾರಿತು. ಕುಣಿಯುತ್ತ ನಿನಗೆ ಫೋನು ಮಾಡಿದೆ, ನೀನು ಸಂತೋಷಕ್ಕೆ ಅತ್ತೆ. ಮರುವಾರ ಕಣ್ಣು ಕೀಳದೆ ನೋಡಿದೆ. ಹೊರಡುವಾಗ ಒಂದು ಗಳಿಗೆ ಹದಿನೈದು, ಆಮೇಲೆ ದಾರಿಯುದ್ದಕ್ಕೂ ಹದಿನಾಲ್ಕು, ನಿಲ್ಲುವ ಮೊದಲು ಇನ್ನೂ ಕಡಿಮೆ. ಹೆಚ್ಚಿನ ಆ ಒಂದು ಕಿಲೋ ಮಗುವಿನದಲ್ಲ, ಲಿಫ್ಟು ಅವಳನ್ನು ಮೇಲಕ್ಕೆ ನೂಕಿದ್ದರದು. ಗೊತ್ತಾದ ಮೇಲೂ ನಿನಗೆ ಹದಿನೈದೆಂದೇ ಹೇಳುತ್ತ ಬಂದೆ. ಅವಳಿಲ್ಲದೆ ನಾನು ಹೇಗಿರಲಿ ಎನ್ನುವುದೊಂದೇ ನನ್ನ ಯೋಚನೆಯಾಗಿತ್ತು.

ಇವತ್ತು ಕೆಳಗಿಳಿಯುವಾಗ ಅವಳೇ ಯಂತ್ರ ಹತ್ತಿ ನಿಂತಳು. ಲಿಫ್ಟು ಹೊರಟಿದ್ದೇ, ಮುಳ್ಳು ನೋಡಲು ಬಗ್ಗಿದ ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದು, "ಈಗ ನೋಡ್ಬೇಡ ತಾತಾ, ಕಮ್ಮಿ ತೋರ್ಸುತ್ತೆ, ಮೇಲೆ ಹೋಗೋವಾಗ ನೋಡಿ ಅಮ್ಮಂಗೆ ಹೇಳು. ಇಲ್ದಿದ್ರೆ ಅಮ್ಮ ನನ್ನ ಕರ್ಕೊಂಡ್ಹೋಗ್ತಾಳೆ, ನೀನು ಅಳ್ತೀಯ" ಎಂದಳು.

ನಾಚಿಕೆಯಿಂದ ಕುಗ್ಗಿಹೋದೆ ರೊಸಿತ್ಸಾ. ಐದು ವರ್ಷದ ಕೂಸಿಗೆ ನಾನು ಕಲಿಸಿದ ವಿದ್ಯೆ ಇದು. ನಿನ್ನ ಅಮ್ಮ ಬದುಕಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಕಾಪಾಡಲಿ.

ನಿನ್ನ ಅಪ್ಪ,
ಮಿನ್ಚೋ

ಮತ್ತೆ: ಈಗಷ್ಟೇ ನಿಂತ ಲಿಫ್ಟಿನಲ್ಲಿ ತೂಗಿದೆ. ಹದಿಮೂರೂವರೆ. ನಾನು ಸುಳ್ಳು ಹೇಳುತ್ತಿದ್ದಾಗ ಮಗುವಿನ ತೂಕ ಇನ್ನೂ ಇಳಿದಿದೆ. ಹಬ್ಬದವರೆಗೆ ಕಾಯಬೇಡ, ಬಂದು ಕರೆದುಕೊಂಡು ಹೋಗು. ಅಳುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.