ನಾಲ್ಕನೆಯ ಕುದುರೆಯ ಬಣ್ಣ

ಪಾತ್ಮೋಸ್ ದ್ವೀಪ,
ಗುರುವಾರ

ಪೂಜ್ಯ ಗೆರಾಸಿಮೋಸ್ ಗುರುಗಳಿಗೆ, ಚಿತ್ರಗಾರ್ತಿ ಕಲ್ಲಿರೋಯಿಯ ವಂದನೆಗಳು.

ಚರ್ಚಿನ ಗೋಡೆಯ ಮೇಲೆ ಸಾವು ಏರಿ ಬರುವ ನಾಲ್ಕನೆಯ ಕುದುರೆ ಹಸಿರಾಗಿಯೇ ಉಳಿದಿದೆ ಎಂದು ಊರವರು ನಿಮ್ಮಲ್ಲಿ ದೂರಿದ್ದಾರಂತೆ. ನಿನ್ನೆ ಬೇಕರಿಯ ಫೋತಿನಿ ನನ್ನನ್ನೂ ತಡೆದು ಕೇಳಿದಳು: "ಅಲ್ಲ ಕಣೇ, ಹುಲ್ಲು ತಿಂದೂ ತಿಂದೂ ಕುದುರೆ ಮೈಮೇಲೇ ಹುಲ್ಲು ಬೆಳೀತಾ?" ನಗುವಷ್ಟೂ ತ್ರಾಣ ನನಗಿರಲಿಲ್ಲ.

ಲೋಕಾಂತ್ಯದ ದರ್ಶನದ ಗ್ರಂಥದಲ್ಲಿ ಆ ಕುದುರೆಗಿರುವ ಪದ ಖ್ಲೋರೋಸ್, ಹಸಿರು. ಪ್ರಭು ಐದು ರೊಟ್ಟಿಯಲ್ಲಿ ಉಣಿಸಿದಾಗ ಐದು ಸಾವಿರ ಜನ ಊಟಕ್ಕೆ ಕುಳಿತ ಹುಲ್ಲಿಗೂ ಅದೇ ಪದ. ಕುದುರೆಗೆ ಮಾತ್ರ ಅದು ಹೆಣದ ಬಿಳಿಚು ಎಂದು ನೀವು ಬೂದಿ ಬಣ್ಣ ಬಳಿಯಲು ಹೇಳಿದ್ದೀರಿ. ನಾನು ಓದಿದವಳಲ್ಲ. ಆದರೆ ನಮ್ಮ ಕೆಲಸದಲ್ಲಿ ಪ್ರತಿ ಮುಖಕ್ಕೂ ಮೊದಲು ಹಸಿರು ಮಣ್ಣಿನ ಬಣ್ಣ ಬಳಿದು, ಅದರ ಮೇಲೆ ತಿಳಿಬಣ್ಣದ ಪದರಗಳಲ್ಲಿ ಬೆಳಕು ಏರಿಸುತ್ತೇವೆ. ಮೂವತ್ತು ವರ್ಷ ಹಸಿರು ಬಳಿದವಳು ತಂಗಿ ಎವಾಂಥಿಯಾ, ಬೆಳಕು ಏರಿಸಿದವಳು ನಾನು. ಈಸ್ಟರಿನ ಉಪವಾಸದಲ್ಲಿ ಅವಳು ತೀರಿಕೊಂಡಾಗ, ಬೆಳಕೆಲ್ಲ ಇಳಿದು ಅವಳ ಮುಖದಲ್ಲಿ ಉಳಿದದ್ದು ಆ ಹಸಿರೇ. ಪದದ ಅರ್ಥ ನನಗೆ ತಿಳಿದದ್ದು ಆವತ್ತು.

ಕುದುರೆಯ ಹಸಿರು ಅವಳು ಬಳಿದ ಕೊನೆಯ ಬಣ್ಣ. "ಅಕ್ಕಾ, ಒಣಗಲಿ, ಆಮೇಲೆ ನಿಂದು ಶುರು ಮಾಡು" ಎಂದು ಕುಂಚ ತೊಳೆದಿಟ್ಟು ಮನೆಗೆ ಹೋಗಿ ಮಲಗಿದವಳು ಮತ್ತೆ ಏಳಲಿಲ್ಲ.

ದಯವಿಟ್ಟು ಗೋಡೆಗೆ ಕಟ್ಟಿದ ಅಟ್ಟಣಿಗೆಯನ್ನು ಶನಿವಾರ ಬಿಚ್ಚಿಸಿ. ಅದನ್ನು ಹತ್ತಲು ಈಗ ನನ್ನ ಮಂಡಿಗೂ ಆಗುವುದಿಲ್ಲ. ಬೂದಿ ಬಳಿಯಲು ಬೇರೆ ಯಾರನ್ನೂ ಹತ್ತಿಸಬೇಡಿ. ಈ ಚರ್ಚಿನ ಎಲ್ಲ ಮುಖಗಳಲ್ಲೂ ಅವಳ ಕೆಲಸವನ್ನು ನಾನೇ ಮುಚ್ಚಿ, ಕೆಳಗೆ ನನ್ನ ಹೆಸರು ಬರೆದಿದ್ದೇನೆ. ಕುದುರೆಯ ಗೊರಸಿನ ಹತ್ತಿರ ಮಾತ್ರ, ಕೊನೆಯ ಸಲ ಹತ್ತಿ, 'ಎವಾಂಥಿಯಾಳ ಕೈಯಿಂದ' ಎಂದು ಬರೆದೆ.

ಇತಿ,
ಕಲ್ಲಿರೋಯಿ